ಉದ್ದಿನ ಹೊಲ

"ಅದ ಏನು, ಹೇಳ ನೋಡೂಣು," ಎಂದು ಸಿದ್ರಾಯ ಬಸ್ಸಿನ ಕಿಟಕಿಯಾಚೆ ಬೆರಳು ಮಾಡಿದ.

ಮಗಳು ಕಸ್ತೂರಿ ನೋಡಿದಳು. ಅರಿಸಿನದ ಹೊಲ. ಬುದ್ಧಿ ಬಂದಾಗಿನಿಂದ ಕಂಡದ್ದು. ಆದರೂ "ಗೊತ್ತಿಲ್ಲಪಾ" ಎಂದಳು. ಮಧ್ಯಾಹ್ನ ಹೇಳಿದ ಸುಳ್ಳನ್ನು ಊರು ಮುಟ್ಟುವವರೆಗೂ ಸಾಕಬೇಕಲ್ಲ.

ಬೆಳಗಾವಿಯಲ್ಲಿ ರೈತರ ಮಕ್ಕಳ ಕೋಟಾದ ಪರೀಕ್ಷೆ ಮುಗಿಸಿ ಇಬ್ಬರೂ ಮೂಡಲಗಿಗೆ ಹೊರಟಿದ್ದರು. ಮೇಜಿನ ಮೇಲೆ ಕಾಳು, ಬೇರು, ಕೂರಿಗೆಯ ತುಂಡು ಇಟ್ಟಿದ್ದರು; ಗುರುತಿಸಿ ಹೆಸರು ಬರೆಯಬೇಕು. ಇದರಲ್ಲಿ ಗೆದ್ದರೆ ಪಶುವೈದ್ಯ ಕಾಲೇಜಿನ ಸೀಟು ಹತ್ತಿರವಾಗುತ್ತಿತ್ತು. ಕುರಿ ಕಾಯುವವರ ಮಗಳು, ಹೊಲದ ಬದುವಿನಲ್ಲೇ ಬೆಳೆದವಳು, ಇದು ಅವಳಿಗೆ ನೀರು ಕುಡಿದಷ್ಟು ಸುಲಭ ಎಂದು ಮನೆಯವರೆಲ್ಲ ನಂಬಿದ್ದರು. ಕಸ್ತೂರಿ ಅರ್ಧಕ್ಕರ್ಧ ಬರೆಯದೆ ಎದ್ದು ಬಂದು, ಹೊರಗೆ ಕಾಯುತ್ತಿದ್ದ ಅಪ್ಪನಿಗೆ ಯಾವುದೂ ಗುರುತು ಹತ್ತಲಿಲ್ಲ ಎಂದಿದ್ದಳು.

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಸಿದ್ರಾಯ ಬೈಯಲಿಲ್ಲ, ತಪ್ಪು ತನ್ನದೇ ಎಂದುಕೊಂಡ. ಓದು ಓದು ಎಂದು ಹುಡುಗಿಗೆ ಹೊಲದ ದಾರಿಯೇ ಮರೆಯುವಂತೆ ಮಾಡಿದೆ, ಬರುವ ವರ್ಷ ಇನ್ನೊಮ್ಮೆ ಬರೆದರಾಯಿತು, ಅಲ್ಲಿಯವರೆಗೆ ನಾನೇ ಕಲಿಸುತ್ತೇನೆ ಎಂದ. ಹುಕ್ಕೇರಿ ದಾಟುವ ಮೊದಲೇ ಪಾಠ ಶುರುವಾಗಿತ್ತು. ಹಿಂದಿನ ಸೀಟಿನ ಹೆಂಗಸು ನಕ್ಕರೂ ಅವನು ಬಿಡಲಿಲ್ಲ. ಇದು ಅರಿಸಿನ, ಅದು ಗೋವಿನಜೋಳ, ಅದರ ಸುಳಿ ಹಿಂಗಿರತೈತಿ. ಕಸ್ತೂರಿಗೆ ನಾಚಿಕೆಯಿಂದ ಮೈಯೆಲ್ಲ ಭಾರವಾಯಿತು.

ಕುರಿಗಳ ಮೇಲೆ ಅವಳಿಗೆ ಪ್ರೀತಿ ಇಲ್ಲವೆಂದಲ್ಲ. ಹೋದ ಮಳೆಗಾಲ ಹಿಂಡಿಗೆ ನೀಲಿ ನಾಲಿಗೆ ಬೇನೆ ಬಂದಾಗ ಒಂದೊಂದರ ಬಾಯಿಗೂ ಗಂಜಿ ಹಾಕುತ್ತ ಕೂತವಳು ಅವಳೇ. ಅದನ್ನು ನೋಡಿಯೇ ಸಿದ್ರಾಯ, ಇವಳು ಡಾಕ್ಟರೇ ಆಗಬೇಕೆಂದು ನಿಶ್ಚಯಿಸಿದ್ದು. ಇನ್ನೊಂದು ಜೀವ ಕೈಯಲ್ಲಿ ಸಾಯುವುದನ್ನು ನೋಡಲಾರೆನೆಂದು ಅವಳು ನಿಶ್ಚಯಿಸಿದ್ದೂ ಆಗಲೇ. ಅವಳಿಗೆ ಗಣಿತ ಬೇಕಿತ್ತು, ಗೋಕಾಕದ ಕಾಲೇಜಿನಲ್ಲಿ. ಆದರೆ ಅಪ್ಪ ಊರಿಗೆಲ್ಲ ಹೇಳಿಕೊಂಡಾಗಿತ್ತು. ಅವನೆದುರು ಬೇಡ ಅನ್ನುವುದಕ್ಕಿಂತ ಗೊತ್ತಿಲ್ಲ ಅನ್ನುವುದೇ ಹಗುರವೆನಿಸಿತ್ತು.

ಘಟಪ್ರಭಾದ ಹತ್ತಿರ ರೈಲ್ವೆ ಗೇಟು ಬಿದ್ದು ಬಸ್ಸು ನಿಂತಿತು. ರಸ್ತೆಗೆ ಹತ್ತಿಕೊಂಡೇ ಒಂದು ಹೊಲ. ಸಿದ್ರಾಯ ಕಣ್ಣು ಕಿರಿದು ಮಾಡಿ ನೋಡಿದ.

"ಇದು ಸೋಯಾ. ಎಲಿ ನೋಡಿ ನೆನಪಿಟ್ಕೊ."

"ಸೋಯಾ ಅಲ್ಲಪಾ, ಉದ್ದು."

ದಣಿದ ಬಾಯಿಗೆ ಹಿಡಿತವಿರಲಿಲ್ಲ. ಆಡಿದ ಮೇಲೆ ತಿಳಿಯಿತು. ರೈಲು ಬಂತು, ಹೋಯಿತು, ಗೇಟು ಎದ್ದಿತು. ಬಸ್ಸು ಹೊರಟ ಮೇಲೆ ಸಿದ್ರಾಯ ಕೇಳಿದ.

"ಎಲ್ಲಾ ಗೊತ್ತಿದ್ದೂ ಮುದ್ದಾಂ ಬಿಟ್ಟ ಬಂದಿ?"

"ಹೂಂ."

"ಮತ್ತೇನ ಕಲೀತಿ?"

"ಲೆಕ್ಕ. ಗೋಕಾಕದಾಗ."

"ಬ್ಯಾಡ ಅಂದಿದ್ರ ನಾ ಏನ ನುಂಗತಿದ್ನೇನ?" ಎಂದವನು ಊರು ಬರುವವರೆಗೂ ಮತ್ತೆ ಕಿಟಕಿಯಾಚೆ ಬೆರಳು ಮಾಡಲಿಲ್ಲ. ಹೊಲಗಳು ಸುಮ್ಮನೆ ಹಿಂದೆ ಸರಿದವು.

ಅವರು ಮನೆ ಮುಟ್ಟುವ ಹೊತ್ತಿಗೆ ಕಸ್ತೂರಿಯ ಅವ್ವ ಹಿಂಡನ್ನು ದೊಡ್ಡಿಯ ಬಾಗಿಲಿಗೆ ತಂದು ನಿಲ್ಲಿಸಿದ್ದಳು. ಒಳಗೆ ಬಿಡುವಾಗ ಎಣಿಸುವ ಕೆಲಸ ಸಿದ್ರಾಯನದು. ಬೇರೆಯವರ ಎಣಿಕೆಯನ್ನು, ಹೆಂಡತಿಯದನ್ನೂ, ಅವನು ಎಂದೂ ನಂಬಿದವನಲ್ಲ. ಒಂದು ಕುರಿ ಹೆಚ್ಚುಕಡಿಮೆ ಅನಿಸಿದರೂ ಅಷ್ಟನ್ನೂ ಹೊರಗೆ ಹಾಕಿ ಮೊದಲಿನಿಂದ ಎಣಿಸುತ್ತಿದ್ದ. ಬಟ್ಟೆಯನ್ನೂ ಬದಲಿಸದೆ ಬಾಗಿಲಲ್ಲಿ ನಿಂತ. ಕಸ್ತೂರಿ ಗೋಡೆಗೆ ಒರಗಿ ನೋಡುತ್ತಿದ್ದಳು. ಕುರಿಗಳು ಒಂದರ ಹಿಂದೊಂದು ಒಳಗೆ ನುಗ್ಗಿದವು. ನಡುವೆ ಎಲ್ಲೋ ಅವನ ತುಟಿ ಆಡುವುದು ನಿಂತಿತು.

ಕಡೆಯ ಕುರಿ ಒಳಗೆ ಹೋಯಿತು. "ಎಣಿಕಿ ತಪ್ಪಿತು," ಎಂದು ಅವನು ಎಲ್ಲವನ್ನೂ ಹೊರಗೆ ಹಾಕಲು ಕೋಲೆತ್ತಿದ.

"ಬರೋಬರಿ ಅದಾವಪಾ," ಎಂದಳು ಕಸ್ತೂರಿ. "ನಾ ಎಣಿಸೇನಿ."

ಸಿದ್ರಾಯ ಅವಳನ್ನು ನೋಡಿದ. ಹಿಂಡನ್ನೂ ಒಮ್ಮೆ ನೋಡಿದ. ಆಮೇಲೆ ಕೋಲನ್ನು ಗೋಡೆಗೆ ಆನಿಸಿಟ್ಟು, ದೊಡ್ಡಿಯ ಬಾಗಿಲೆಳೆದು ಹಗ್ಗ ಕಟ್ಟಿದ.