ತಪ್ಪು ಹೇಳದ ಮಾವ

ನನ್ನ ಮಾವ ದುರ್ಗಾಪ್ರಸಾದ್ ಅವರು ಹನ್ನೊಂದು ವರ್ಷಗಳಲ್ಲಿ ಒಂದು ಸಲವೂ ನನಗೆ ‘ನೀವು ಮಾಡಿದ್ದು ತಪ್ಪು’ ಎಂದವರಲ್ಲ. ಕೇಳಿದವರೆಲ್ಲ ಪುಣ್ಯವಂತ ಕಣಯ್ಯ ನೀನು ಅನ್ನುತ್ತಾರೆ. ಅಂಥವರನ್ನು ಕರೆದು ತಂದು ಒಂದು ತಿಂಗಳು ನನ್ನ ಜಾಗದಲ್ಲಿ ಕೂರಿಸಬೇಕು. ಆಗ ಗೊತ್ತಾಗುತ್ತದೆ ಪುಣ್ಯದ ಭಾರ ಎಷ್ಟು ಅಂತ.

ನಾನು ರಮಾಕಾಂತ, ದಾವಣಗೆರೆಯವನು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಶಾಖಪಟ್ಟಣಕ್ಕೆ ಬಂದೆ. ಎರಡು ವರ್ಷ ಇದ್ದು ಹೋಗೋಣ ಎಂದುಕೊಂಡವನು ಹಾರಿಕಾಳನ್ನು ಮದುವೆಯಾಗಿ ಎಂವಿಪಿ ಕಾಲೋನಿಯಲ್ಲೇ ಬೇರುಬಿಟ್ಟೆ. ಮಾವನ ಮನೆ ನಮ್ಮಿಂದ ಎರಡೇ ಬೀದಿ ಆಚೆ. ಅವರ ತಾಯಿ ಬಳ್ಳಾರಿಯ ಕಡೆಯವರಾದ್ದರಿಂದ ಆ ಮನೆಯಲ್ಲಿ ಕನ್ನಡ ಉಳಿದುಕೊಂಡಿದೆ, ತೆಲುಗಿನ ಒಗ್ಗರಣೆ ಧಾರಾಳವಾಗಿ ಬಿದ್ದಿದ್ದರೂ. ಮಾವ ಬಂದರಿನಲ್ಲಿ ಮೂವತ್ತಾರು ವರ್ಷ ದುಡಿದವರು. ಸರಕು ಇಳಿಸುವ ಜಾಗದಲ್ಲಿ ಅವರು ಒಮ್ಮೆ ಕೂಗಿದರೆ ಕ್ರೇನ್ ನಡೆಸುವವನು ಮೇಲಿನಿಂದಲೇ ಕೈಮುಗಿಯುತ್ತಿದ್ದನಂತೆ. ಹಾಗಂತ ಅತ್ತೆ ಅನ್ನಪೂರ್ಣಮ್ಮನವರು ಹೇಳುತ್ತಾರೆ. ನಾನಂತೂ ಆ ಗಂಟಲನ್ನು ಕೇಳಿದವನಲ್ಲ.

ನಮ್ಮ ಮನೆಯ ರೀತಿಯೇ ಬೇರೆ. ದಾವಣಗೆರೆಯಲ್ಲಿ ನಮ್ಮಪ್ಪನ ಬೈಗುಳ ಇಲ್ಲದೆ ಮಂಡಕ್ಕಿ ಕೂಡ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೈಸಿಕೊಂಡೇ ಸೈಕಲ್ ಕಲಿತೆ, ಬೈಸಿಕೊಂಡೇ ಬ್ಯಾಂಕಿನ ಪರೀಕ್ಷೆ ಪಾಸು ಮಾಡಿದೆ. ಇಲ್ಲಿ ಅಳಿಯನೆಂದರೆ ದೇವರ ಪಕ್ಕದ ಮಣೆ. ಮದುವೆಯಾದ ಹೊಸದರಲ್ಲಿ ಮಾವನ ಸ್ಕೂಟರನ್ನು ಅವರದೇ ಗೇಟಿಗೆ ಗುದ್ದಿದೆ. ಗೇಟು ಹಳೆಯದಾಗಿತ್ತು, ಹೇಗೂ ಬದಲಾಯಿಸಬೇಕಿತ್ತು ಎಂದರು. ನನಗೆ ಅಂದೇ ಅನುಮಾನ ಬರಬೇಕಿತ್ತು.

ನಿವೃತ್ತರಾದ ಮೇಲೆ ಅವರಿಗೆ ಟೆನ್‌ಪಿನ್ ಬೌಲಿಂಗಿನ ಹುಚ್ಚು ಹತ್ತಿತು. ನುಣುಪಾದ ಮರದ ಹಾದಿ, ಆ ತುದಿಯಲ್ಲಿ ಹತ್ತು ಪಿನ್, ಈ ತುದಿಯಲ್ಲಿ ಭಾರದ ಚೆಂಡು ಹಿಡಿದ ನೀವು. ಎರಡು ಚೆಂಡಿನೊಳಗೆ ಹತ್ತನ್ನೂ ಉರುಳಿಸಬೇಕು. ಅಂಥ ಹತ್ತು ಸರದಿಗೆ ಒಂದು ಆಟ. ಮಾವ ಎರಡೇ ವರ್ಷದಲ್ಲಿ ಎಷ್ಟು ಚೆನ್ನಾಗಿ ಕಲಿತರೆಂದರೆ ಕಾಲೇಜು ಹುಡುಗರು ಆಟ ನಿಲ್ಲಿಸಿ ನೋಡುತ್ತಿದ್ದರು. ಅವರ ಜೊತೆ ಹೋಗಿ ಹೋಗಿ ನನಗೂ ಆ ಗೀಳು ಅಂಟಿತು.

ವಿಜಯವಾಡದ ಒಂದು ಮಾಲ್‌ನಲ್ಲಿ ಪ್ರತಿ ಸಂಕ್ರಾಂತಿಗೆ ಮಾವ–ಅಳಿಯ ಜೋಡಿ ಪಂದ್ಯ ನಡೆಯುತ್ತದೆ. ಆಂಧ್ರದಲ್ಲಿ ಸಂಕ್ರಾಂತಿ ಎಂದರೆ ಅಳಿಯಂದಿರಿಗೆ ತಿನ್ನಿಸುವ ಹಬ್ಬ. ತಿಂದಿದ್ದು ಕರಗಲಿ ಎಂದು ಯಾರೋ ಈ ಪಂದ್ಯ ಹುಟ್ಟುಹಾಕಿರಬೇಕು. ಮೂರು ವರ್ಷ ಹೋದೆವು, ಮೂರು ವರ್ಷವೂ ಸೋತೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಕೋಣ ಯಾರೆಂದು ಬೇರೆ ಹೇಳಬೇಕಿಲ್ಲ. ನನ್ನ ಚೆಂಡು ಕಡೇ ಗಳಿಗೆಯಲ್ಲಿ ಎಡಕ್ಕೆ ಎಳೆಯುತ್ತಿತ್ತು, ಬಲಗಡೆಯ ಪಿನ್‌ಗಳು ನಗುತ್ತಾ ನಿಂತಿರುತ್ತಿದ್ದವು. ಪ್ರತಿ ಸಲವೂ ಮಾವ ಎದ್ದು ಬಂದು ನನ್ನ ಕೈಕುಲುಕಿ, “ಚೆನ್ನಾಗಿ ಹಾಕಿದ್ರಿ ಅಲ್ಲುಡುಗಾರು. ಪಿನ್ ಬೀಳದಿದ್ರೆ ನೀವೇನು ಮಾಡ್ತೀರಿ” ಎನ್ನುತ್ತಿದ್ದರು. ಅಲ್ಲುಡುಗಾರು ಎಂದರೆ ತೆಲುಗಿನಲ್ಲಿ ಅಳಿಯಂದಿರು.

ಮೂರನೇ ಸೋಲಿನ ಮುಂದಿನ ವಾರ ಡಾಕ್ಟರು ಅವರ ಭುಜ ನೋಡಿ, ಇನ್ನೊಂದು ಸಂಕ್ರಾಂತಿವರೆಗೆ ಹೇಗಾದರೂ ತಳ್ಳಿ, ಆಮೇಲೆ ಈ ಭಾರ ಎತ್ತುವಂತಿಲ್ಲ ಎಂದುಬಿಟ್ಟರು. ಮಾವ ನನಗೆ ಹೇಳಲಿಲ್ಲ. ಹಾರಿಕಾ ಹೇಳಿದಳು. ಅಂದರೆ ಉಳಿದದ್ದು ಒಂದೇ ಪಂದ್ಯ. ಅದನ್ನೂ ನಾನು ಕೆಡಿಸಿದರೆ, ಇಷ್ಟು ಚೆನ್ನಾಗಿ ಆಡುವ ಮನುಷ್ಯ ನನ್ನ ದೆಸೆಯಿಂದ ಒಮ್ಮೆಯೂ ಗೆಲ್ಲದೆ ಆಟ ಬಿಡಬೇಕಾಗುತ್ತಿತ್ತು. ಆ ಯೋಚನೆಯಿಂದ ನನಗೆ ಊಟ ಸೇರದಂತಾಯಿತು.

ಪಂದ್ಯವಿಲ್ಲದ ಹನ್ನೊಂದು ತಿಂಗಳಿತ್ತು. ಅಷ್ಟರಲ್ಲಿ ತಿದ್ದಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಋಷಿಕೊಂಡದ ಕಡಲತೀರದ ಮರಳಿನಲ್ಲಿ ಬೆಳಗ್ಗೆ ಬೆಳಗ್ಗೆಯೇ ನಾಲ್ಕು ಹೆಜ್ಜೆ ಓಡಿ ಒಂದೇ ಕಾಲಿನ ಮೇಲೆ ಜಾರಿ ನಿಲ್ಲುವುದನ್ನು ಅಭ್ಯಾಸ ಮಾಡಿದೆ. ವಾಕಿಂಗ್ ಬಂದವರು ಯಾವುದೋ ಹರಕೆ ಎಂದುಕೊಂಡು ದಾರಿ ಬಿಟ್ಟರು. ತೋಳು ನೇರವಾಗಿ ತೂಗಲಿ ಎಂದು ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಐದು ಲೀಟರಿನ ನೀರಿನ ಕ್ಯಾನ್ ತೂಗಿದೆ. ಮುಚ್ಚಳ ಹಾರಿ ಎದುರು ಮನೆಯವರ ಚಪ್ಪಲಿಗಳೆಲ್ಲ ತೊಯ್ದವು. ವಾರಕ್ಕೆರಡು ಸಂಜೆ ಬ್ಯಾಂಕಿನಿಂದ ನೇರ ಬೌಲಿಂಗ್ ಸೆಂಟರಿಗೆ ಹೋಗಿ ಒಬ್ಬನೇ ಆಡಿದೆ. ಮಳೆಗಾಲದ ಹೊತ್ತಿಗೆ ನೂರಾ ಅರವತ್ತು, ನೂರಾ ಎಪ್ಪತ್ತು ಬರತೊಡಗಿತು. ಖುಷಿಯಿಂದ ಭಾನುವಾರ ಮಾವನ ಜೊತೆ ಹೋದರೆ ನೂರಾ ಹನ್ನೆರಡು. ಬುಧವಾರ ಒಬ್ಬನೇ ಹೋದರೆ ಮತ್ತೆ ನೂರಾ ಅರವತ್ತೈದು. ಭಾನುವಾರ ನೂರಾ ಒಂಬತ್ತು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕಥೆ. ಭಾನುವಾರ ಜನ ಹೆಚ್ಚು, ಅದಕ್ಕೇ ಎಂದುಕೊಂಡೆ. ಚೆಂಡು ಜಾರಲೆಂದು ಮರದ ಹಾದಿಗೆ ಬಳಿಯುವ ಎಣ್ಣೆಯನ್ನು ಅವತ್ತು ಹೆಚ್ಚು ಹಾಕುತ್ತಾರೆ ಎಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಾರಿಕಾ ಮುಖಕ್ಕೆ ಹೊಡೆದಂತೆ ಹೇಳಿದಳು, ಆದರೆ ಅವಳು ಒಂದು ದಿನವೂ ಬಂದು ನೋಡಿದವಳಲ್ಲ; ಆ ಸದ್ದಿಗೆ ತಲೆನೋವು ಬರುತ್ತದಂತೆ. ಮಗಳು ಗಗನಾಳ ಕೈಗೆ ಫೋನ್ ಕೊಟ್ಟು ನಾನು ಆಡುವುದನ್ನು ವಿಡಿಯೊ ಮಾಡು ಎಂದೆ. ಒಂಬತ್ತು ವರ್ಷದ ಮಗು, ಪಿನ್ ಬೀಳುವುದನ್ನಷ್ಟೇ ಹಿಡಿದಿದ್ದಳು. ನಲವತ್ತು ನಿಮಿಷದಲ್ಲಿ ನಾನು ಕಂಡದ್ದು ನನ್ನ ಮೊಣಕೈ ಮಾತ್ರ. ಸೆಂಟರ್ ನೋಡಿಕೊಳ್ಳುವ ಬಾಬ್ಜಿಯನ್ನು ಹಿಡಿದು ಕೇಳಿದೆ. ಅವನು ಶೂ ಜೋಡಿಸುತ್ತಾ, ನಿಮ್ಮ ಮಾವನವರೇ ಇದ್ದಾರಲ್ಲ ಸರ್, ಅವರಿಗಿಂತ ನನಗೇನು ಗೊತ್ತು ಎಂದು ಜಾರಿಕೊಂಡ. ಆಮೇಲೆ ತಿಳಿಯಿತು, ಅಳಿಯನಿಗೆ ಯಾರೂ ಏನೂ ಹೇಳಕೂಡದು ಎಂದು ಮಾವ ಅವನಿಗೆ ಮೊದಲೇ ತಾಕೀತು ಮಾಡಿದ್ದರು.

ಮಾವನಿಗೆ ಗೊತ್ತಿತ್ತು. ನಾನು ಎಡವುವುದು ಎಲ್ಲಿ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು. ನಾನು ಚೆಂಡು ಹಾಕಿದಾಗಲೆಲ್ಲ ಅವರ ತುಟಿ ಏನೋ ಹೇಳಲು ತೆರೆದು ಮುಚ್ಚಿಕೊಳ್ಳುತ್ತಿತ್ತು. ಕೇಳಿದರೆ, ಭೇಷಾಗಿತ್ತು ಎನ್ನುವರು. ಕಾಲಾ, ಕೈಯಾ, ಮಣಿಕಟ್ಟಾ ಎಂದು ಗೋಗರೆದರೆ, ನಿಮ್ಮಂಥ ಕೈ ಸಿಗಬೇಕಲ್ಲ ಎನ್ನುವರು. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ತಡೆಯಲಾಗಲಿಲ್ಲ. ಅವತ್ತು ನೂರೂ ದಾಟಿರಲಿಲ್ಲ. ಮಾವನ ಮನೆಯಲ್ಲಿ ಎಲೆ ಹಾಕಿದ್ದರು. ನನ್ನ ತಪ್ಪೇನೆಂದು ಹೇಳುವವರೆಗೆ ನಾನು ಊಟಕ್ಕೆ ಕೂರುವುದಿಲ್ಲ ಎಂದು ಹೋಗಿ ಮೆಟ್ಟಿಲ ಮೇಲೆ ಕುಳಿತೆ.  ಒಳಗೆ ಅತ್ತೆ ಮೆಲ್ಲಗೆ ‘ಅಲಕ’ ಎಂದದ್ದು ಕೇಳಿಸಿತು. ತೆಲುಗು ಮದುವೆಗಳಲ್ಲಿ ಮದುಮಗ ಮುನಿಸಿಕೊಂಡು ಕೂರುತ್ತಾನೆ, ಮಾವ ಏನಾದರೂ ಉಡುಗೊರೆ ಕೊಟ್ಟು ಎಬ್ಬಿಸುತ್ತಾನೆ. ಅದಕ್ಕೆ ಅಲಕ ಎಂದು ಹೆಸರು. ನನ್ನ ಮದುವೆಯಲ್ಲಿ ನಾನು ಮುನಿಸಿಕೊಂಡಿರಲಿಲ್ಲವಲ್ಲ, ಆ ಬಾಕಿ ಈಗ ಕೇಳುತ್ತಿದ್ದೇನೆ ಎಂದು ಅವರೆಲ್ಲ ತಿಳಿದುಕೊಂಡರು. ಮಾವ ಹೊರಗೆ ಬಂದು ಪಕ್ಕದಲ್ಲಿ ನಿಂತು, ನಿಮ್ಮ ಮನಸ್ಸಿನಲ್ಲಿರುವುದು ನನಗೆ ಅರ್ಥವಾಗಿದೆ, ಒಂದು ವಾರ ಸಮಯ ಕೊಡಿ ಎಂದರು. ನಾನು ಪೆದ್ದ, ಇನ್ನೊಂದು ವಾರಕ್ಕೆ ಹೇಳುತ್ತಾರೆ ಎಂದು ನಂಬಿ ಊಟಕ್ಕೆ ಎದ್ದೆ.

ಒಂದು ವಾರಕ್ಕೆ ಹೈದರಾಬಾದಿನಿಂದ ಹೊಸ ಚೆಂಡು ಬಂತು. ಕಡುನೀಲಿ ಬಣ್ಣ, ನನ್ನ ಬೆರಳಿನ ಅಳತೆಗೇ ಕೊರೆಸಿದ ತೂತು, ಮೇಲೆ ನನ್ನ ಹೆಸರು. ಅತ್ತೆ ಅದಕ್ಕೆ ಕುಂಕುಮ ಹಚ್ಚಿ ಆರತಿ ಎತ್ತಿದರು. ನನಗೆ ಚೆಂಡು ಬೇಡ, ಬೈಗುಳ ಬೇಕು ಎಂದರೆ ಯಾರಿಗೆ ಅರ್ಥವಾಗುತ್ತದೆ? ಅಕ್ಟೋಬರಿನಲ್ಲಿ ಮತ್ತೆ ಸಿಟ್ಟು ಮಾಡಿದೆ, ಶೂ ಬಂತು. ದೀಪಾವಳಿಗೆ ಮುಖ ಊದಿಸಿದೆ, ಮಣಿಕಟ್ಟಿನ ಪಟ್ಟಿ ಬಂತು. ಆಮೇಲೆ ಹಾರಿಕಾ, ನಮ್ಮಪ್ಪನ ಹತ್ತಿರ ಇನ್ನೇನೇನು ಕೀಳಬೇಕು ಅಂತಿದ್ದೀರಿ ಎಂದು ನನ್ನ ಮೇಲೇ ತಿರುಗಿಬಿದ್ದಳು. ಅಂದಿನಿಂದ ಸಿಟ್ಟು ಮಾಡುವುದನ್ನೂ ಬಿಟ್ಟೆ.

ಹೀಗೆ ಹನ್ನೊಂದು ತಿಂಗಳು ಹೋಗಿ ಸಂಕ್ರಾಂತಿ ಬಂತು. ಎಲ್ಲರೂ ರೈಲಿನಲ್ಲಿ ವಿಜಯವಾಡಕ್ಕೆ ಹೋದೆವು. ಈ ಸಲ ಹಾರಿಕಾ ಸಹ ಕಿವಿಗೆ ಹತ್ತಿ ಇಟ್ಟುಕೊಂಡು ಬಂದು ಅತ್ತೆಯ ಪಕ್ಕದಲ್ಲಿ ಕುಳಿತಳು. ಮಾವ ಅವತ್ತು ಆಡಿದ ಆಟವನ್ನು ನಾನು ಮರೆಯುವುದಿಲ್ಲ. ಭುಜಕ್ಕೆ ಪಟ್ಟಿ ಬಿಗಿದುಕೊಂಡು, ಹಲ್ಲು ಕಚ್ಚಿ, ಒಂದೇ ಚೆಂಡಿಗೆ ಹತ್ತೂ ಪಿನ್ ಉರುಳಿಸುವ ಸ್ಟ್ರೈಕ್‌ಗಳನ್ನು ಒಂದರ ಹಿಂದೊಂದು ಹೊಡೆದರು. ನನ್ನ ಎಡವಟ್ಟುಗಳನ್ನೆಲ್ಲ ಹೊತ್ತುಕೊಂಡೇ ಫೈನಲ್‌ವರೆಗೆ ಎಳೆದು ತಂದರು. ಎದುರಿಗೆ ಗುಂಟೂರಿನ ಒಂದು ಜೋಡಿ. ಅವರ ಆಟ ಮುಗಿದಿತ್ತು, ಮಾವನದೂ ಮುಗಿದಿತ್ತು. ಉಳಿದದ್ದು ನನ್ನ ಹತ್ತನೇ ಸರದಿ. ಗೆಲ್ಲಲು ಇಪ್ಪತ್ತೈದು ಬೇಕು. ಕೊನೆಯ ಸರದಿಯಲ್ಲಿ ಮೊದಲ ಚೆಂಡಿಗೇ ಹತ್ತೂ ಬಿದ್ದರೆ ಇನ್ನೆರಡು ಚೆಂಡು ಸಿಗುತ್ತವೆ, ಮೂವತ್ತರವರೆಗೆ ಹೋಗಬಹುದು. ಹಾಗೆ ಬೀಳದಿದ್ದರೆ ಇಪ್ಪತ್ತಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಅಂದರೆ ಎಲ್ಲ ಆ ಒಂದು ಚೆಂಡಿನ ಮೇಲಿತ್ತು.

ಹೋಗುವ ಮೊದಲು ಮಾವನ ಹತ್ತಿರ ಬಗ್ಗಿ, ಈಗಲಾದರೂ ಹೇಳಿ, ನಾನು ಏನು ಮಾಡುತ್ತಿದ್ದೇನೆ ಎಂದು ಕೇಳಿದೆ. ಅವರ ತುಟಿ ತೆರೆಯಿತು. “ಭೇಷಾಗಿ ಆಡ್ತಿದ್ದೀರಿ” ಎಂದರು.

ಹಾಕಿದೆ. ಏಳು ಬಿದ್ದವು. ಬಲಗಡೆಯ ಮೂರು ನಿಂತೇ ಇದ್ದವು. ಗುಂಟೂರಿನವರು ಕುರ್ಚಿ ಬಿಟ್ಟು ಎದ್ದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆಗ ಹಿಂದಿನಿಂದ ಒಂದು ದನಿ ಬಂತು. ಇಡೀ ಮಾಲ್ ಸ್ತಬ್ಧವಾಯಿತು ಎಂದರೆ ಸುಳ್ಳಲ್ಲ.

“ನನ್ನ ಮುಖದಾಗೇನು ಪಿನ್ ನಿಲ್ಲಿಸ್ಯಾರೇನೋ? ಚೆಂಡು ಕೈ ಬಿಡೋದ್ರೊಳಗ ನನ್ನ ಕಡೆ ತಿರುಗ್ತೀಯಲ್ಲ, ಕತ್ತೆ. ತಲಿ ತಿರುಗಿದ್ರ ಭುಜ ತಿರುಗ್ತದ, ಭುಜ ತಿರುಗಿದ್ರ ಚೆಂಡು ಎಡಕ್ಕ ಹೋಗ್ತದ. ಮುಂದ ನೋಡಿ ಹಾಕು.”

ಮಾವ ಎದ್ದು ನಿಂತಿದ್ದರು. ಕತ್ತಿನ ನರ ಉಬ್ಬಿತ್ತು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಿದ್ದರು. ಹಾರಿಕಾ ಕಿವಿಯ ಹತ್ತಿ ತೆಗೆದಿದ್ದಳು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಹನ್ನೊಂದು ವರ್ಷಕ್ಕೆ ಮೊದಲ ಸಲ ಹೆಂಡತಿಯ ಕಡೆಯವರ ನಡುವೆ ದಾವಣಗೆರೆಯ ನನ್ನ ಮನೆಯಲ್ಲಿ ನಿಂತ ಹಾಗಾಯಿತು. ನಾನೇಕೆ ತಿರುಗುತ್ತಿದ್ದೆ ಎಂಬುದೂ ಆಗಲೇ ಹೊಳೆಯಿತು. ಚಿಕ್ಕಂದಿನಿಂದ ಏನು ಮಾಡಿದರೂ ಮರುಗಳಿಗೆ ಅಪ್ಪನ ಬೈಗುಳ ಬರುತ್ತಿತ್ತು. ಅದಕ್ಕೆ ಕಾಯುತ್ತಾ ತಿರುಗುತ್ತಿದ್ದೆ. ಒಬ್ಬನೇ ಆಡುವಾಗ ತಿರುಗಿ ನೋಡಲು ಯಾರೂ ಇರುತ್ತಿರಲಿಲ್ಲ, ಚೆಂಡು ನೇರ ಹೋಗುತ್ತಿತ್ತು.

ಮುಂದೆ ನೋಡಿ ಹಾಕಿದೆ. ಮೂರೂ ಬಿದ್ದವು. ಎರಡು ಚೆಂಡಿನಲ್ಲಿ ಹತ್ತೂ ಬಿದ್ದು ಸ್ಪೇರ್ ಆದ್ದರಿಂದ ಸಿಕ್ಕ ಮೂರನೇ ಚೆಂಡನ್ನೂ ಮುಂದೆ ನೋಡಿಯೇ ಹಾಕಿದೆ. ಹತ್ತಕ್ಕೆ ಹತ್ತು. ಒಟ್ಟು ಇಪ್ಪತ್ತು ಬಂತು, ನಾಲ್ಕು ಪಿನ್‌ಗಳಿಂದ ಸೋತೆವು. ಒಂದೇ ಒಂದು ಚೆಂಡು ಮೊದಲು ಬೈದಿದ್ದರೆ ಗೆದ್ದಿರುತ್ತಿದ್ದೆವು. ಇದನ್ನು ನಾನು ಯಾರ ಹತ್ತಿರ ಹೇಳಿಕೊಂಡು ಅಳಲಿ? ಅಷ್ಟು ಸಾಲದೆಂಬಂತೆ ಮಾವ ಎಲ್ಲರೆದುರು ನನ್ನ ಮುಂದೆ ಕೈಮುಗಿದು ನಿಂತು, ದೊಡ್ಡ ತಪ್ಪಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮತ್ತೆ ಬಹುವಚನಕ್ಕೆ ಹೋದರು.

ಮಾರನೇ ಬೆಳಗ್ಗೆ ರೈಲಿನಲ್ಲಿ ಕಿಟಕಿಯ ಪಕ್ಕ ನಾವಿಬ್ಬರೇ ಎದುರುಬದುರಾಗಿ ಕುಳಿತೆವು.  ಭುಜ ನೋಯುತ್ತಿತ್ತು ಅಂತ ಕಾಣುತ್ತದೆ, ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಇನ್ನು ಆ ಕೈ ಚೆಂಡು ಹಿಡಿಯುವುದಿಲ್ಲ. ಏಲೂರು ದಾಟಿದ ಮೇಲೆ ನಾನೇ, ನನ್ನ ತಪ್ಪು ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದೆ.

ಮೊದಲ ವರ್ಷ, ಮೊದಲ ಆಟದಲ್ಲೇ ಗೊತ್ತಾಗಿತ್ತು ಎಂದರು.

ನನ್ನ ಮೈ ಉರಿದುಹೋಯಿತು. ಅಳಿಯನಿಗೆ ಹೇಗೆ ಹೇಳುವುದು ಅಂತಲೇ ಇಷ್ಟು ವರ್ಷ ಬಾಯಿ ಹೊಲಿದುಕೊಂಡು ಕೂತಿದ್ದಿರಾ ಎಂದು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು.

“ಅದೂ ಐತಿ,” ಎಂದರು. “ಅದಷ್ಟ ಅಲ್ಲ. ಪೋರ್ಟ್‌ನಾಗ ಇದ್ದಾಗ ನೂರು ಮಂದಿ ನನ್ನ ಮುಖ ನೋಡಿ ಕೆಲಸ ಮಾಡ್ತಿದ್ರು. ರಿಟೈರ್ ಆದ ಮ್ಯಾಲೆ ಒಬ್ರೂ ಇಲ್ಲ. ನೀವು ಒಬ್ರೇ, ಚೆಂಡು ಹಾಕಿದಾಗೊಮ್ಮೆ ತಿರುಗಿ ನನ್ನ ಮುಖ ನೋಡ್ತಿದ್ರಿ. ಹೇಳಿಬಿಟ್ರ ಆ ನೋಡೋದು ನಿಂತುಹೋಗ್ತದ ಅಲ್ಲೇನ್ರಿ.”

 ಮರಳಿನಲ್ಲಿ ಕುಣಿದದ್ದು, ನೀರಿನ ಕ್ಯಾನ್ ತೂಗಿದ್ದು, ಭಾನುವಾರಗಳ ಆ ದರಿದ್ರ ಸ್ಕೋರುಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾಲ್ಕು ಸಂಕ್ರಾಂತಿ ಇವರು ಗೆಲ್ಲಬಹುದಿತ್ತು. ನಾಲ್ಕನ್ನೂ ಕೈಯಾರೆ ಬಿಟ್ಟುಕೊಟ್ಟು, ಮೂರು ಸಲ ನನ್ನ ಕೈಕುಲುಕಿ, ನಾಲ್ಕನೇ ಸಲ ಕೈಮುಗಿದಿದ್ದರು. ಸಿಟ್ಟು ನೆತ್ತಿಗೇರಿತ್ತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬರುತ್ತಿತ್ತು.

“ನಿಮಗೆ ಬುದ್ಧಿ ಐತೇನ್ರೀ ಮಾವಾ,” ಎಂದು ಬೈದೆ. ಹನ್ನೊಂದು ವರ್ಷಗಳಲ್ಲಿ ನಾನು ಅವರಿಗೆ ಬೈದದ್ದು ಅದೇ ಮೊದಲು.

ಅವರು ಸ್ವಲ್ಪ ಯೋಚಿಸಿ, ಇಲ್ಲ ಎಂದರು.