ಕೊಳವೇಲಿ ನೀರು ನೀರೇ

ನಾನೊಂದು ಸ್ಟಾಪ್‌ವಾಚು ಕಣ್ರಪ್ಪ. ಕೀ ಕೊಟ್ರೆ ಓಡ್ತೀನಿ, ತಲೆ ಒತ್ತಿದ್ರೆ ನಿಲ್ತೀನಿ, ಅಷ್ಟೇ ನನ್ನ ವಿದ್ಯೆ. ಹುಟ್ಟಿದ್ದು ಯಾವ್ದೋ ಕಾರ್ಖಾನೇಲಿ. ಅದು ನೆನಪಿಲ್ಲ, ಸುಳ್ಳು ಯಾಕೆ ಹೇಳ್ಲಿ. ಮೊದ್ಲು ಕೊಳ್ಳೇಗಾಲದ ಕಡೆ ಒಬ್ಬ ಡ್ರಿಲ್ ಮೇಷ್ಟ್ರ ಕತ್ತಲ್ಲಿ ನೇತಾಡ್ಕೊಂಡಿದ್ದೆ. ಅವರು ರಿಟೈರಾದ್ಮೇಲೆ ನನ್ನನ್ನ ಒಡಹುಟ್ಟಿದ ತಮ್ಮ ಗುರುಮಲ್ಲಪ್ಪನಿಗೆ ಕೊಟ್ರು. ಅವನು ಹೆರಿಗೆ ಆಸ್ಪತ್ರೆ ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡೋನು.

ರಕ್ತದ ಮೇಲಿನ ಹಳದಿ ನೀರು ತೆಗ್ದು, ಬಿಸಿನೀರಲ್ಲಿಟ್ಟ ಗಾಜಿನ ಕೊಳವೆಗೆ ಹಾಕೋನು. ಮದ್ದು ಬಿಟ್ಟ ತಕ್ಷಣ ನನ್ನ ತಲೆ ಒತ್ತೋನು. ಕೊಳವೆ ಓರೆ ಮಾಡ್ತಾ ಮಾಡ್ತಾ ಎಳೆ ಎಳೆಯಾಗಿ ಹೆಪ್ಪು ಕಂಡ್ರೆ ಮತ್ತೆ ಒತ್ತೋನು. ಸರಿಯಿರೋ ರಕ್ತಕ್ಕೆ ಹದಿಮೂರು ಸೆಕೆಂಡು, ಹದಿನಾಲ್ಕು. ಎಳೆಕೂಸಾದ್ರೆ ಒಂದೆರಡು ಜಾಸ್ತಿ.

ಒಂದು ಬೆಳಿಗ್ಗೆ ಮೂರು ದಿನದ ಹೆಣ್ಣುಕೂಸಿನ ರಕ್ತ ಬಂತು. ಅವಳಿಜವಳೀಲಿ ಒಂದು. ಹೊಕ್ಕಳಿಂದ ರಕ್ತ ನಿಲ್ತಾನೇ ಇಲ್ವಂತೆ. ನಾನು ಓಡ್ದೆ. ಇಪ್ಪತ್ತು. ನಲವತ್ತು. ನಿಮಿಷ ದಾಟ್ತು. ಕೊಳವೇಲಿ ನೀರು ನೀರೇ.

"ಹಾಳಾದ್ದು ಕೆಟ್ಟೋಯ್ತು" ಅಂತ ಗುರುಮಲ್ಲಪ್ಪ ನನ್ನನ್ನ ಮೇಜಿಗೆ ಕುಕ್ಕಿದ. ತನ್ನ ತೋಳಿಂದ್ಲೇ ರಕ್ತ ತೆಗ್ದು ನೋಡ್ದ. ಹದಿಮೂರು. ಕೆಟ್ಟಿದ್ದು ನಾನಲ್ಲ. ನನ್ನನ್ನ ಜೇಬಿಗೆ ಹಾಕ್ಕೊಂಡು ವಾರ್ಡಿಗೆ ಓಡ್ದ.

ಲೀಲಾವತಿ ಡಾಕ್ಟ್ರು ಅಂದ್ರು, "ಹುಟ್ಟಿದ ದಿನವೇ ಎರಡಕ್ಕೂ ವಿಟಮಿನ್ ಕೆ ಇಂಜೆಕ್ಷನ್ ಹಾಕಾಗಿದೆ. ರಕ್ತ ಹೆಪ್ಪುಗಟ್ಲಿ ಅಂತ್ಲೇ ಹಾಕೋದು. ಆದ್ರೂ ಹೀಗಂದ್ರೆ ಹುಟ್ಟಿನಿಂದ ಬಂದ ಕಾಯಿಲೆ. ಮೈಸೂರಿಗೆ ಕಳ್ಸ್ಬೇಕು, ದಾರೀಲಿ ಉಳಿಯುತ್ತೋ ಇಲ್ವೋ. ಇನ್ನೊಂದು ಕೂಸಿನ ರಕ್ತಾನೂ ನೋಡ್ಬಿಡಿ."

ಸೂಜಿ ಕಂಡಿದ್ದೇ ಕೂಸುಗಳ ಅಜ್ಜಿ ದೇವೀರಮ್ಮ ಆ ಕೂಸನ್ನ ಸೆರಗಲ್ಲಿ ಮುಚ್ಕೊಂಡ್ಳು.

"ಇದಕ್ಕೆ ಬ್ಯಾಡ ಕಣಪ್ಪ. ಆಗ್ಲೇ ಎರಡು ಸಲ ಚುಚ್ಚಿಸ್ಕಂಡದೆ."

"ಎರಡು ಸಲ ಯಾಕವ್ವ?" ಅಂದ ಗುರುಮಲ್ಲಪ್ಪ.

"ಹುಟ್ಟಿದ ದಿನ ಇದಕ್ಕೆ ಚುಚ್ಚಿ ಆ ನರ್ಸವ್ವ ಇನ್ನೊಂದು ಕೂಸು ಕೊಡಿ ಅಂದ್ಳು. ಅದು ಒಳ್ಳೆ ನಿದ್ದೇಲಿತ್ತು. ಇದು ಹೆಂಗೂ ಅಳ್ತಿತ್ತಲ್ಲ, ಬಟ್ಟೆ ಬದಲಾಯ್ಸಿ ಇದನ್ನೇ ಕೊಟ್ಟೆ."

"ಅಯ್ಯೋ, ಹಾಗಾದ್ರೆ ಅದಕ್ಕೆ ವಿಟಮಿನ್ ಕೆ ಬಿದ್ದೇ ಇಲ್ಲ" ಅಂದ್ರು ಡಾಕ್ಟ್ರು. ಜೇಬಲ್ಲಿದ್ದ ನಾನು ಒಂದು ಗಳಿಗೆ ನಿಂತೇ ಹೋದ್ನೇನೋ. ಆಮೇಲೆ ಡಾಕ್ಟ್ರು ತಾವೇ ಓಡಿ ಇಂಜೆಕ್ಷನ್ ತಂದು, ರಕ್ತ ಸೋರ್ತಿದ್ದ ಕೂಸಿನ ತೊಡೆಗೆ ಹಾಕಿದ್ರು. "ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿ. ಆಂಬುಲೆನ್ಸ್ ಬಾಗಿಲಲ್ಲೇ ಇರ್ಲಿ."

ದೇವೀರಮ್ಮ ಬಂದು ಲ್ಯಾಬಿನ ಹೊಸ್ತಿಲಲ್ಲಿ ಕೂತ್ಳು. "ನಾನೇ ಕೊಂದುಬುಟ್ನಾ?"

"ಬಾಯ್ಮುಚ್ಕೊಂಡು ಕೂತ್ಕೋ ಅವ್ವ. ಕೂಸು ಉಸಿರಾಡ್ತದೆ."

ಮಧ್ಯಾಹ್ನ ಮತ್ತೆ ಆ ಕೂಸಿನ ರಕ್ತ ಲ್ಯಾಬಿಗೆ ಬಂತು. ಓಡ್ದೆ. ಹತ್ತು. ಹದಿನೈದು. ಹದಿನೇಳಕ್ಕೆ ಕೊಳವೇಲಿ ಎಳೆ ಕಾಣಿಸ್ತು. ಅವನು ಒತ್ತಿದ ರಭಸಕ್ಕೆ ನನ್ನ ಗುಂಡಿ ಇವತ್ತಿಗೂ ಸೊಟ್ಟ.

ಈಗ ಲ್ಯಾಬಿಗೆ ದೊಡ್ಡ ಮಿಷಿನ್ ಬಂದಿದೆ. ನಾನು ಡ್ರಾಯರಲ್ಲಿ, ಒಣಗಿದ ಪೆನ್ನುಗಳ ಪಕ್ಕ. ಹೊಟ್ಟೆಕಿಚ್ಚೇನಿಲ್ಲ. ಎಷ್ಟು ಸೆಕೆಂಡು ಅಂತ ನಾನೂ ಹೇಳ್ದೆ, ಅದೂ ಹೇಳುತ್ತೆ. ಯಾಕೆ ಅಂತ ಮಾತ್ರ ಆ ಮುದುಕಿನೇ ಹೇಳ್ಬೇಕಾಯ್ತು.