ಗೋರಂಟಿ ಕೈಯ ತಪ್ಪಲ್ಲ

ನಾನು ಒಂದು ಇಂಡೆಕ್ಸ್. ಯಾವ ಪದ ಯಾವ ಪುಟದಲ್ಲಿದೆ ಎಂದು ತಿಳಿಸುವ ಪಟ್ಟಿ ಪುಸ್ತಕದ ಕೊನೆಯಲ್ಲಿ ಇರುತ್ತದಲ್ಲ, ಅದೇ ಜಾತಿ. ಆದರೆ ನಾನಿದ್ದದ್ದು ಒಂದು ಮಕ್ಕಳ ಆಸ್ಪತ್ರೆಯ ಕಂಪ್ಯೂಟರಿನಲ್ಲಿ. ಅಲ್ಲಿಗೆ ಬಂದ ಪ್ರತಿ ಮಗುವಿನ ಹೆಸರೂ ಒಂದು ದೊಡ್ಡ ಪಟ್ಟಿಗೆ ಸೇರುತ್ತಿತ್ತು. ಮಗು ತೂಕದ ಕೋಣೆಗೆ ಹೋಯಿತು, ಡಾಕ್ಟರ ಹತ್ತಿರ ಹೋಯಿತು, ಔಷಧದ ಕಿಟಕಿಗೆ ಬಂತು, ಮನೆಗೆ ಹೋಯಿತು. ಒಂದೊಂದು ಹೆಜ್ಜೆಗೂ ಅದರ ಸಾಲನ್ನು ತಿದ್ದಬೇಕು.

ನಾನು ಹುಟ್ಟಿದ್ದು ಜ್ವರದ ಕಾಲದಲ್ಲಿ. ಬೆಂಚುಗಳೆಲ್ಲ ತುಂಬಿ ಹೋಗಿದ್ದವು. ಒಂದು ದಿನ ಒಂದು ಹೆಣ್ಣುಮಗು ಮೂಲೆಯ ಬೆಂಚಿನಲ್ಲಿ ಮೂರು ಗಂಟೆ ಯಾರ ಕಣ್ಣಿಗೂ ಬೀಳದೆ ಮೈ ಸುಡುತ್ತ ಮಲಗಿತ್ತು. ಡಾಕ್ಟರ್ ಅನಸೂಯಾ ಆ ಮಗುವನ್ನು ಎತ್ತಿಕೊಂಡೇ ಕಂಪ್ಯೂಟರ್ ನೋಡಿಕೊಳ್ಳುವವರ ಕೋಣೆಗೆ ಬಂದರು.

"ಯಾವ ಮಗು ಎಲ್ಲಿದೆ, ಎಷ್ಟು ಹೊತ್ತಿನಿಂದ ಇದೆ, ಕೇಳಿದ ತಕ್ಷಣ ನನಗೆ ಗೊತ್ತಾಗಬೇಕು" ಎಂದರು.

ಆ ಮಧ್ಯಾಹ್ನ ಒಂದೇ ಸಾಲಿನ ಆಜ್ಞೆಯಿಂದ ನಾನು ಹುಟ್ಟಿದೆ. ಸಾಂಬಾರ ಡಬ್ಬಿಯ ಖಾನೆಗಳಂತೆ ನನ್ನಲ್ಲೂ ಖಾನೆಗಳಿದ್ದವು: ತೂಕಕ್ಕೆ ಕಾಯುವವರು, ಡಾಕ್ಟರಿಗೆ ಕಾಯುವವರು, ಔಷಧಕ್ಕೆ ಕಾಯುವವರು, ಮನೆಗೆ ಹೋದವರು. ಮಗು ಒಂದು ಹೆಜ್ಜೆ ಮುಂದೆ ಹೋದರೆ ಅದರ ಹೆಸರನ್ನು ಈ ಖಾನೆಯಿಂದ ಹೊಡೆದುಹಾಕಿ ಆ ಖಾನೆಗೆ ಬರೆಯಬೇಕು. ಡಾಕ್ಟರ್ ಅನಸೂಯಾ ಗಂಟೆಗೊಮ್ಮೆ ನನ್ನನ್ನು ಕೇಳುತ್ತಿದ್ದರು. ಆಮೇಲೆ ಒಂದು ಮಗುವೂ ಬೆಂಚಿನ ಮೇಲೆ ಮರೆತುಹೋಗಲಿಲ್ಲ. ಅಷ್ಟು ಹೆಮ್ಮೆಯ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ.

ಎರಡು ವರ್ಷಕ್ಕೆ ಅವರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಗೋಡೆಯ ಮೇಲೆ ಮಕ್ಕಳ ಹೆಸರು ತೋರಿಸುವ ಒಂದು ಕಂಪ್ಯೂಟರ್ ಪರದೆ ಹಾಕಿಕೊಟ್ಟರು. ದೊಡ್ಡ ಪಟ್ಟಿಯನ್ನು ಓದಲು ಆ ಪರದೆಗೆ ಬೇರೆಯೇ ದಾರಿಯಿತ್ತು, ನನ್ನ ಹಂಗಿರಲಿಲ್ಲ. ಅಂದಿನಿಂದ ಯಾರೂ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆದರೆ ಸಾಕು ನಿಲ್ಲಿಸು ಎಂದೂ ಯಾರೂ ಹೇಳಲಿಲ್ಲ. ನಾನು ಹೊಡೆಯುತ್ತ ಬರೆಯುತ್ತ ಹೋದೆ.

ತೊಂದರೆ ಶುರುವಾದದ್ದು 'ಮನೆಗೆ ಹೋದವರು' ಖಾನೆಯಲ್ಲಿ. ಎಲ್ಲ ಮಕ್ಕಳೂ ಕೊನೆಗೆ ಸೇರುವುದು ಅಲ್ಲಿಗೇ ತಾನೇ. ವರ್ಷಗಳ ಹೆಸರುಗಳು ಅಲ್ಲಿ ಕೂಡಿದ್ದವು. ಲಸಿಕೆ ಕೋಣೆಯಿಂದ, ಕಣ್ಣಿನ ಕೋಣೆಯಿಂದ, ಔಷಧದ ಕಿಟಕಿಯಿಂದ ಎಲ್ಲರೂ ಅದರ ಕಡೆಯ ಪುಟದಲ್ಲೇ ಬರೆಯಬೇಕು. ಒಬ್ಬರದು ಮುಗಿಯುವವರೆಗೆ ಇನ್ನೊಬ್ಬರು ಕಾಯಬೇಕು. ಒಂದು ಸೆಕೆಂಡು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು.

ಔಷಧದ ಕಿಟಕಿಗಳು ಎರಡಿದ್ದವು. ಒಂದರಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದ ಪದ್ಮಾಕ್ಷಿ, ಇನ್ನೊಂದರಲ್ಲಿ ಶಿವಕೀರ್ತಿ. ನನ್ನ ಯಂತ್ರ ಅವರ ಬೆನ್ನ ಹಿಂದಿನ ಕೋಣೆಯಲ್ಲೇ ಇದ್ದುದರಿಂದ ಎಲ್ಲ ಮಾತೂ ನನಗೆ ಕೇಳುತ್ತಿತ್ತು. ಪದ್ಮಾಕ್ಷಿಯ ಸಾಲು ಬಾಗಿಲು ದಾಟಿ ಬೆಳೆಯಿತು. ಮೇಲ್ವಿಚಾರಕರಾದ ಚೆನ್ನವೀರಪ್ಪ ಬಂದು ನಿಂತರು.

"ಏನಮ್ಮಾ, ಕೈಗೆ ಗೋರಂಟಿ ಹಚ್ಕೊಂಡು ಕೂತಿದ್ದೀಯಾ?"

ಸಾಲಿನವರೆಲ್ಲ ನಕ್ಕರು.

"ಒತ್ತಿದೀನಿ ಸಾರ್. ಅದು ತಿರುಗ್ತಾನೇ ಇದೆ."

"ಶಿವಕೀರ್ತಿದು ತಿರುಗಲ್ವಾ?"

ತಿರುಗುತ್ತಿರಲಿಲ್ಲ. ಅವನು ಔಷಧ ಕೊಟ್ಟು, ಹೆಸರನ್ನು ಹಾಳೆಯಲ್ಲಿ ಗೀಚಿಕೊಂಡು, ಜನ ಕರಗಿದ ಮೇಲೆ ನಾಲ್ಕು ಗಂಟೆಗೆ ಕೂತು ಕಂಪ್ಯೂಟರಿಗೆ ಹಾಕುತ್ತಿದ್ದ. "ನೀವೂ ಹಂಗೇ ಮಾಡಿ ಅಕ್ಕಾ" ಎಂದು ಪದ್ಮಾಕ್ಷಿಗೂ ಹೇಳಿದ್ದ.

"ಮಗೂಗೆ ಔಷಧ ಸಿಕ್ತೋ ಇಲ್ವೋ ಅಂತ ಒಳಗಿನವರು ಇದನ್ನೇ ನೋಡ್ತಾರೆ. ಆಮೇಲೆ ಬರೆದರೆ ಸುಳ್ಳು ಬರೆದ ಹಾಗಲ್ವೇನೋ?"

"ನಿಮ್ಮ ಸತ್ಯ ನಿಮಗೆ, ನನ್ನ ಸಾಲು ನನಗೆ."

ಮರುದಿನದಿಂದ ಅವಳ ಹೆಸರೇ ಗೋರಂಟಿ ಎಂದಾಯಿತು. ಗೌರಿ ಹಬ್ಬ ಕಳೆದು ಕೆಲಸಕ್ಕೆ ಬಂದಾಗ ಅವಳ ಕೈ ಬರಿದಾಗಿತ್ತು. ಹಬ್ಬದಲ್ಲಿ ಒಂದು ಬೊಟ್ಟಾದರೂ ಇಟ್ಟುಕೊಳ್ಳಬಾರದಿತ್ತೇ ಎಂದು ಕಸ ಗುಡಿಸುವಾಕೆ ಕೇಳಿದಳು. "ಮಗಳು ಅರೆದು ಇಟ್ಟಿದ್ದಳು. ಬೇಡ ಅಂದುಬಿಟ್ಟೆ" ಎಂದಳು ಪದ್ಮಾಕ್ಷಿ.

ಆ ಮಾತು ನನಗೆ ನಾಟಿತು. ಅವಳ ಬೆರಳು ಚುರುಕಾಗಿಯೇ ಇತ್ತು. ಒಂಬತ್ತು ಸೆಕೆಂಡು ನನ್ನದು.

ಆಸ್ಪತ್ರೆಯವರು ತಂತಿ ಬದಲಿಸಿದರು. ಹೊಸ ಕೀಬೋರ್ಡ್ ತಂದರು. ಕೊನೆಗೆ ಪದ್ಮಾಕ್ಷಿಯನ್ನೇ ಬದಲಿಸಿದರು. ತಿಂಗಳ ಕೊನೆಗೆ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ, ಅಷ್ಟೇ. ಅವಳು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಕೀಬೋರ್ಡನ್ನು ಸೆರಗಿನಿಂದ ಒರೆಸಿ ಹೋದಳು.

ಅವಳ ಜಾಗಕ್ಕೆ ಬಂದವನೂ ಒಂಬತ್ತು ಸೆಕೆಂಡು ಕಾದ. ಗೋರಂಟಿ ಎನ್ನೋಣವೆಂದರೆ ಅವನು ಗಂಡಸು. ಆಗ ಹೊರಗಿನಿಂದ ಕಂಪ್ಯೂಟರ್ ಬಲ್ಲ ನಫೀಸಾ ಎಂಬವರನ್ನು ಕರೆಸಿದರು.

ನಫೀಸಾ ಯಾರನ್ನೂ ಬೈಯಲಿಲ್ಲ. ಬೆಳಗಿನ ನೂಕುನುಗ್ಗಲಲ್ಲಿ ಯಂತ್ರದ ಮುಂದೆ ಕೂತು, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂದು ನೋಡುತ್ತ ಹೋದರು. ನೋಡುತ್ತ ನನ್ನವರೆಗೆ ಬಂದರು. ನನ್ನ ಲೆಕ್ಕ ತೆಗೆದರು: ಬರೆದದ್ದು ನಲವತ್ತು ಲಕ್ಷ ಸಲ, ಮೂರು ವರ್ಷದಲ್ಲಿ ಓದಿದ್ದು ಸೊನ್ನೆ.

"ಇದನ್ನು ಯಾರಾದರೂ ಬಳಸ್ತೀರಾ?" ಎಂದು ಎಲ್ಲರನ್ನೂ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

"ಯಾರೋ ಮಾಡಿಟ್ಟಿದ್ದು, ಇರಲಿ ಬಿಡಮ್ಮಾ. ಅದೇನು ಅನ್ನ ಕೇಳುತ್ತಾ?" ಎಂದರು ಚೆನ್ನವೀರಪ್ಪ.

"ಕೇಳುತ್ತೆ ಸಾರ್. ಪ್ರತಿ ಮಗು ಮನೆಗೆ ಹೋಗುವಾಗಲೂ ಕೇಳುತ್ತೆ."

ನನ್ನನ್ನು ತೆಗೆದುಹಾಕಿದರು. ನೋವಾಗಲಿಲ್ಲ. ಕಿಟಕಿಯಲ್ಲಿ ಕೂತವನು ಗುಂಡಿ ಒತ್ತಿದ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅವನು ಇನ್ನೊಮ್ಮೆ ಒತ್ತಿ ನೋಡಿದ. ಚೆನ್ನವೀರಪ್ಪನವರು ಅವನ ಕೈಯನ್ನೇ ನೋಡುತ್ತಿದ್ದರು.

"ಹಾಗಾದರೆ ಆ ಹೆಂಗಸು..." ಎಂದು ನಿಲ್ಲಿಸಿದರು.

ನಫೀಸಾ ಮತ್ತೆ ಬೇಕಾದರೆ ಕಟ್ಟಿಕೊಳ್ಳಲೆಂದು ನನ್ನನ್ನು ಹುಟ್ಟಿಸಿದ ಆ ಒಂದು ಸಾಲಿನ ಆಜ್ಞೆಯನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟಿದ್ದರು. ಈಗ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ನಿಧಾನಕ್ಕೆ ಕಾರಣ ಇದು. ಕಿಟಕಿಯಲ್ಲಿ ಕೂತವರ ಕೈಯ ತಪ್ಪಲ್ಲ.' ಚೆನ್ನವೀರಪ್ಪ ಅದನ್ನು ಮುದ್ರಿಸಿಕೊಡಲು ಹೇಳಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ನಾನೀಗ ಆ ಫೈಲಿನಲ್ಲಿ ಸುಮ್ಮನೆ ಇದ್ದೇನೆ. ಒಂದು ಮಗು ಮರೆತುಹೋಗಬಾರದೆಂದು ಹುಟ್ಟಿದವನು ನಾನು, ಒಬ್ಬ ತಾಯಿಯ ಅನ್ನಕ್ಕೆ ಅಡ್ಡ ಬಂದೆ. ಆ ಹಾಳೆ ಪದ್ಮಾಕ್ಷಿಯ ಮನೆ ಮುಟ್ಟಿತೋ, ಜೇಬಿನಲ್ಲೇ ಉಳಿಯಿತೋ ನನಗೆ ತಿಳಿಯದು. ಮುಟ್ಟಿದ್ದರೆ, ಮುಂದಿನ ಗೌರಿ ಹಬ್ಬಕ್ಕೆ ಮಗಳು ಗೋರಂಟಿ ಅರೆದಾಗ ಅವಳು ಎರಡೂ ಕೈ ಚಾಚುತ್ತಾಳೆ.